ಅರದ ಪುಡಿ

ಅಲುಗಬೇಡ ಮಾರಾಯ್ತಿ.
ಟವೆಲಿನಲ್ಲಿ ಸುತ್ತಿದ್ದೇನೆ, ರೆಕ್ಕೆ ಎರಡೂ ಒಳಗಿವೆ,
ತಲೆ ಮಾತ್ರ ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ.
ಸ್ತೆರೆನ್, ಟಾರ್ಚು ಕಣ್ಣಿಗಲ್ಲ,
ಕೊಕ್ಕಿನ ಹಿಂದಿನಿಂದ. ಹಾಂ, ಹಾಗೆ.
ಕಂಡಿತೇ ಒಳಗೊಂದು ಕೆಂಪು ನೆರಳು?
ಜೀವ ಇರುವುದು ಅಲ್ಲಿಯವರೆಗೆ.
ಅದರಾಚೆಯದು ಬರೀ ಉಗುರು,
ಅಷ್ಟೇ ನಮ್ಮ ಪಾಲು.

ಮೇಲಿನ ಕೊಕ್ಕು ಮೊಂಡು. ಕೆಳಗಿನದು
ಚಮಚದ ಹಾಗೆ ಮುಂದೆ ಚಾಚಿದೆ.
ಮೇಲಿನದನ್ನು ಮೊಟಕು ಮಾಡಿದ ಸುದ್ದಿ
ಕೆಳಗಿನದಕ್ಕೆ ತಲುಪಲೇ ಇಲ್ಲ,
ಬೆಳೆಯುತ್ತ ಹೋಯಿತು,
ಉಜ್ಜಿಕೊಳ್ಳಲು ಎದುರಿಗೆ ಏನೂ ಇಲ್ಲದೆ.

ಉಗುರಿನ ಅರ ಇದು, ರೊಜೆನ್ನಳದು, ಕೇಳದೆ ತಂದದ್ದು.
ಒಂದೇ ದಿಕ್ಕಿಗೆ ಎಳೆಯಬೇಕು,
ಹಿಂದೆ ಮುಂದೆ ಉಜ್ಜಿದರೆ ಸೀಳು ಬಿಡುತ್ತದೆ.
ಹತ್ತು ಎಳೆತ, ಒಂದು ಉಸಿರು.
ಬಟ್ಟಲಲ್ಲಿ ಜೋಳದ ಹಿಟ್ಟಿದೆ, ರಕ್ತ ಬಂದರೆ ಒತ್ತಲು.
ಬರಬಾರದು.

"ಅಜ್ಜ, ಇದನ್ನು ಕತ್ತರಿಸಿದ್ದು ಯಾರು?"
ಯಂತ್ರ, ಎಂದೆ.
ಯಂತ್ರದ ಮುಂದೊಂದು ಸ್ಟೂಲು ಇರುತ್ತದೆ ಎಂದು ಹೇಳಲಿಲ್ಲ.

ಲಾಂಬಾಲ್ ಊರಾಚೆ, ಮರಿ ಮಾಡಿಸುವ ಕಾರ್ಖಾನೆ,
ಹತ್ತೊಂಬತ್ತು ಚಳಿಗಾಲ.
ಅಲಗು ಕಾದು ಚೆರ್ರಿ ಹಣ್ಣಿನ ಬಣ್ಣಕ್ಕೆ ಬರಬೇಕು.
ಮರಿ ಎತ್ತು. ಗಂಟಲ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತು,
ನಾಲಗೆ ಹಿಂದೆ ಸರಿಯಲೆಂದು.
ತೂತಿಗೆ ಮೂತಿ, ಎರಡು ಎಣಿಸು, ಬಿಡು.
ಇನ್ನೊಂದು.
ಗಂಟೆಗೆ ಏಳುನೂರು, ಕೈ ಓಡಿದ ದಿನ ಎಂಟುನೂರು.
ಕೂದಲು ಸುಟ್ಟ ವಾಸನೆ ಅಂಗಿಗೆ ಹತ್ತಿ
ಊಟದ ಮೇಜಿಗೂ ಬರುತ್ತಿತ್ತು.
ರೊಜೆನ್ ಎದ್ದು ಕಿಟಕಿ ತೆರೆಯುತ್ತಿದ್ದಳು,
ಮಾತಾಡುತ್ತಿರಲಿಲ್ಲ.

ಕ್ರೌರ್ಯ ಅನ್ನುವವರಿದ್ದಾರೆ. ಅವರು ಆ ಶೆಡ್ಡು ನೋಡಿಲ್ಲ.
ಕೊಕ್ಕು ಇಡಿಯಾಗಿ ಬಿಟ್ಟ ತಂಡವೊಂದಿತ್ತು,
ಒಂದರ ಬಾಲದ ಬಳಿ ಹನಿ ರಕ್ತ ಕಂಡಿತು,
ಬೆಳಗಾಗುವುದರೊಳಗೆ ಒಳಗಿನದೆಲ್ಲ ಹೊರಗೆ.
ಬಕೆಟ್ಟಿಗೆ ತುಂಬಿದ್ದು ನಾನೇ. ನಲವತ್ತೊಂದು.
ಅದೂ ನಿಜ. ಜಾಗ ಕೊಡಬಹುದಿತ್ತಲ್ಲ ಎಂಬುದೂ ನಿಜ.
ಆ ಪ್ರಶ್ನೆ ಕೇಳುವ ಸ್ಟೂಲು
ನನ್ನದಾಗಿರಲಿಲ್ಲ.

ನಿನಗೆ ಎರಡು ವರ್ಷ. ನಾನು ಬಿಟ್ಟು ಹನ್ನೊಂದು.
ನಿನ್ನದು ನಾನಲ್ಲ.
ಪೆಟ್ಟಿಗೆಯಿಂದ ನೀನು ಇಳಿದ ದಿನವೇ
ಬಾಗಿಲ ಬಳಿ ನಿಂತು ಲೆಕ್ಕ ಹಾಕಿದೆ.
ಮತ್ತೆ ರಾತ್ರಿ ಒಮ್ಮೆ.

"ನೋವಾಗುತ್ತಾ ಅದಕ್ಕೆ?"
ಈಗ ಇಲ್ಲ.
"ಆಗ?"
ಟಾರ್ಚು ಅಲುಗುತ್ತಿದೆ, ಸರಿಯಾಗಿ ಹಿಡಿ.

ಸಾಕು. ಅಕ್ಕಿಕಾಳಿನಷ್ಟು ಉಳಿಯಿತು,
ಅದು ಮುಂದಿನ ತಿಂಗಳಿಗೆ.
ಟವೆಲ್ ಬಿಚ್ಚಿದ್ದೇ ನೀನು ಮೈ ಕೊಡವಿ,
ನನಗೆ ನಾಲ್ಕು ಬೈದು,
ಮೆಟ್ಟಿಲ ಕಲ್ಲಿಗೆ ಹೋಗಿ
ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಕೊಕ್ಕು ಒರೆಸಿದೆ,
ಅಡುಗೆಯವನು ಕತ್ತಿ ಮಸೆಯುವ ಹಾಗೆ.
ಫ್ರಾನ್ಸಿನ ಈ ಮೂಲೆಯ ಕಲ್ಲು ಗಟ್ಟಿ,
ಸಮುದ್ರವನ್ನೇ ಸುಮ್ಮನಿರಿಸಿದ್ದು.

ಸಿಂಪಿಚಿಪ್ಪಿನ ಪುಡಿಯ ನಡುವೆ ಕಾಳು ಚೆಲ್ಲಿದ್ದೇನೆ.
ಮೊದಲನೆಯದು ತಪ್ಪಿತು.
ಎರಡನೆಯದು ಸಿಕ್ಕಿ ಜಾರಿತು.
ದೊಡ್ಡ ಕಪ್ಪು ಹೇಂಟೆ, ಹುಟ್ಟಿನ ಕೊಕ್ಕಿನವಳು,
ಪಕ್ಕದಿಂದ ಬಂದು ಅದನ್ನು ಕುಕ್ಕಿಕೊಂಡು ಹೋದಳು,
ಹೋಗುತ್ತ ನಿನ್ನ ನೆತ್ತಿಗೂ ಒಂದು ಕೊಟ್ಟಳು.
ಸ್ತೆರೆನ್‌ಗೆ ನಗು.
ಆಳದ ಬಟ್ಟಲಲ್ಲಿ ಹಿಟ್ಟು ನೆನೆಸಿ ತಾ ಎಂದೆ,
ಕೊಕ್ಕು ಮುಳುಗುವಷ್ಟು.

ಮಂಡಿಯ ಮೇಲೆ ಬಿಳಿ ಪುಡಿ.
ಬೆರಳಿಗೆ ಒತ್ತಿ ಮೂಗಿಗೆ ಹಿಡಿದೆ.
ವಾಸನೆಯಿಲ್ಲ. ಇನ್ನೊಮ್ಮೆ ಹಿಡಿದೆ.
ಅರವನ್ನು ತೊಳೆದು, ಒರೆಸಿ,
ಕನ್ನಡಿಯ ಕೆಳಗೆ ಇದ್ದ ಓರೆಯಲ್ಲೇ ಇಟ್ಟಿದ್ದೇನೆ.
ರೊಜೆನ್ ಸಂತೆಯಿಂದ ಬರುವ ಹೊತ್ತು.
ಗೊತ್ತಾಗುತ್ತದೆ ಅವಳಿಗೆ, ಯಾವಾಗಲೂ ಗೊತ್ತಾಗುತ್ತದೆ.
ಕಿಟಕಿ ಮಾತ್ರ
ಇವತ್ತು ತೆರೆಯಲಿಕ್ಕಿಲ್ಲ.